ರೇಡಿಯೋಗೊಂದು ಮಡಿ

ನಮ್ಮ ಮನೆಯಲ್ಲಿ ಮೊದಲು ಮಡಿ ಮುರಿದವಳು ನಾನು. ತಾಂಡ್ಯದ ನಮ್ಮ ಕಂಪನಿಯಲ್ಲಿ ಮಡಿ ಹಿಡಿದು ಕೂತವಳು ಅಂತ ಹೆಸರು ಬಂದದ್ದೂ ನನಗೇ. ಎರಡಕ್ಕೂ ಬೈಸಿಕೊಂಡಿದ್ದೇನೆ. ಮನೆಯಲ್ಲಿ ಬೈದವಳು ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ. ಕಂಪನಿಯಲ್ಲಿ ಬೈದವರು ಮ್ಯಾನೇಜರು. ಇಬ್ಬರನ್ನೂ ನಾನು ಕೇಳಿದ್ದು ಒಂದೇ, ಕಾರಣ ಹೇಳಿ ಅಂತ.

ನಂಜನಗೂಡಿನಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಅಪ್ಪ, ತಾತ ಎಲ್ಲ ಪೂಜೆಯ ಸರದಿಯವರು. ಅಪ್ಪ ಹೋದ ಮೇಲೆ ಸರದಿ ದೊಡ್ಡಪ್ಪನ ಮಕ್ಕಳ ಪಾಲಾಯಿತು. ಮನೆ, ಬಾವಿ ಮತ್ತು ಅತ್ತೆ ನನ್ನ ಪಾಲಿಗೆ ಬಂದರು. ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬೆಳಗ್ಗೆ ಸ್ನಾನ ಮಾಡಿ, ಗಳುವಿನ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದ ಎಳೆದು ಉಟ್ಟಳೆಂದರೆ ಊಟ ಮುಗಿಯುವವರೆಗೆ ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ. ಅವಳ ಕೈಯಿಂದ ಏನಾದರೂ ಬೇಕಿದ್ದರೆ ಇಟ್ಟುಕೊಡುವುದೇ ಪದ್ಧತಿ. ಕೊಡುವವಳು ಲೋಟವನ್ನು ನೆಲದ ಮೇಲಿಟ್ಟು ಕೈ ಹಿಂದಕ್ಕೆ ತೆಗೆಯಬೇಕು. ಕೈ ಪೂರ್ತಿ ಹಿಂದಕ್ಕೆ ಹೋದ ಮೇಲೆ ತೆಗೆದುಕೊಳ್ಳುವವಳು ಬಗ್ಗಬೇಕು. ಇಬ್ಬರ ಕೈ ಒಂದೇ ಸಲ ಒಂದೇ ಲೋಟದ ಮೇಲೆ ಇರಕೂಡದು.

ಹುಡುಗಿಯಾಗಿದ್ದಾಗ ನಾನು ಇದರ ಮೇಲೆ ಯುದ್ಧವನ್ನೇ ಹೂಡಿದ್ದೆ. ಹೊರಗೆ ಕೂತ ದಿನಗಳಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಅಂತ ಅತ್ತೆ ಹೇಳಿದ್ದಳು. ಒಂದು ಸಲ ಬೇಕೆಂದೇ ಅಡುಗೆಮನೆಗೆ ನುಗ್ಗಿ ಜಾಡಿಗೆ ಕೈ ಹಾಕಿ ಮಿಡಿ ತೆಗೆದು ಅವಳೆದುರೇ ತಿಂದೆ. ಆ ವರ್ಷದ ಉಪ್ಪಿನಕಾಯಿ ಮುಂದಿನ ಯುಗಾದಿಯವರೆಗೂ ಗಟ್ಟಿಯಾಗಿತ್ತು. ಅತ್ತೆ ಸೋಲೊಪ್ಪಲಿಲ್ಲ, ಉಪ್ಪು ಜಾಸ್ತಿ ಬಿದ್ದಿತ್ತು ಅಂದಳು. ಆದರೆ ಆಮೇಲೆ ಆ ನಿಯಮ ಸದ್ದಿಲ್ಲದೆ ಬಿದ್ದುಹೋಯಿತು. ಅದಕ್ಕೊಂದು ಕಾರಣ ಹೇಳಿದ್ದರು, ಕಾರಣ ಸುಳ್ಳಾಯಿತು, ನಿಯಮ ಬಿತ್ತು. ಇಟ್ಟುಕೊಡುವುದಕ್ಕೆ ಯಾರೂ ಯಾವ ಕಾರಣವನ್ನೂ ಹೇಳಿರಲಿಲ್ಲ. ಹಾಗಾಗಿ ಅದು ಬೀಳಲಿಲ್ಲ. ನಾನು ಕೇಳಿದಾಗಲೆಲ್ಲ ಅತ್ತೆ, "ಸುಮ್ನೆ ತಗೊಳೇ, ಆರಿ ಹೋಗತ್ತೆ" ಅನ್ನುತ್ತಿದ್ದಳು.

ಇಂಥ ಮನೆಯಿಂದ ಬಂದ ನಾನು ಸೇರಿದ್ದು ಸೈನಿಕರು ಬೆನ್ನ ಮೇಲೆ ಹೊತ್ತು ನಡೆಯುವ ರೇಡಿಯೋ ಸೆಟ್ಟಿನ ಕೆಲಸಕ್ಕೆ. ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳ ನಡುವೆ ನಮ್ಮದು ಒಂದು ಸಣ್ಣ ಶೆಡ್ಡು. ಪೆಟ್ಟಿಗೆ, ಆಂಟೆನಾ, ಬ್ಯಾಟರಿ ಬೇರೆಯವರದು. ಒಳಗಿನ ಸಾಫ್ಟ್‌ವೇರ್ ನಮ್ಮದು. ಅತ್ತೆ ಬಹಳ ದಿನ ಅದರಲ್ಲಿ ಪ್ರದೇಶ ಸಮಾಚಾರ ಬರುತ್ತದೆ ಅಂದುಕೊಂಡಿದ್ದಳು.

ಡಿಸೈನ್ ಪ್ಯಾಟರ್ನ್ ಅಂದರೆ ಏನು ಅಂತ ಹೊಸಬರು ಕೇಳಿದರೆ ನಾನು ಬಾಳೆಲೆಯ ಮಾತು ಹೇಳುತ್ತೇನೆ. ಯಾರ ಮನೆಯ ಊಟಕ್ಕೇ ಹೋಗಿ, ಉಪ್ಪು ಎಲೆಯ ಎಡತುದಿಯಲ್ಲಿರುತ್ತದೆ. ಬಡಿಸುವವರು ಗುರುತಿಲ್ಲದವರಾದರೂ ಸರಿ, ಪಕ್ಕದವರ ಜೊತೆ ಮಾತಾಡುತ್ತಲೇ ಕೈ ಉಪ್ಪಿನ ಹತ್ತಿರ ಹೋಗುತ್ತದೆ. ಪ್ರೋಗ್ರಾಂ ಬರೆಯುವುದರಲ್ಲೂ ಅಷ್ಟೇ. ಹಿಂದಿನವರು ಎಡವಿ ಎಡವಿ ಕಂಡುಕೊಂಡ ಕೆಲವು ಜೋಡಣೆಗಳಿವೆ. ಅವುಗಳ ಪ್ರಕಾರ ಬಡಿಸಿಟ್ಟರೆ ನಾಳೆ ಬರುವ ಅಪರಿಚಿತನೂ ತಡಕಾಡದೆ ಉಣ್ಣಬಹುದು.

ಉದಾಹರಣೆಗೆ, ಒಂದು ಕಡೆ ಏನಾದರೂ ನಡೆದರೆ ಇನ್ನೊಂದು ಕಡೆಗೆ ತಿಳಿಯಬೇಕು ಅಂತಿಟ್ಟುಕೊಳ್ಳಿ. ನಾವು ಹತ್ತು ಸಲ ಹೋಗಿ ಇಣುಕುವ ಬದಲು, ಹಾಲಿನವನು ಬಂದರೆ ನಮಗೂ ಒಂದು ಕೂಗು ಹಾಕಿ ಅಂತ ಪಕ್ಕದ ಮನೆಗೆ ಹೇಳಿಟ್ಟರೆ ಸಾಕು. ಸೆಟ್ಟಿನೊಳಗೆ ಇಂಥ ಕೂಗು ಹಾಕುವ ಏರ್ಪಾಡು ಬೇಕಾದಷ್ಟಿದೆ. ಬ್ಯಾಟರಿ ಇಳಿದರೆ ತೆರೆಗೆ ಕೂಗು, ಸಂದೇಶ ಬಂದರೆ ಸ್ಪೀಕರಿಗೆ ಕೂಗು. ಬಹಳ ಅನುಕೂಲದ ಪ್ಯಾಟರ್ನ್ ಅದು. ಅನುಕೂಲದ ವಸ್ತುಗಳೆಲ್ಲದರ ಹಾಗೆ ಅದನ್ನು ಎಲ್ಲಿ ಬೇಕಾದರೂ ಬಳಸಬಹುದು ಅಂತ ಜನ ತಿಳಿದುಬಿಡುತ್ತಾರೆ.

ಆದರೆ ನನ್ನ ಮುಖ್ಯ ಕೆಲಸ ಗೋಡೆಯದು. ಸೈನ್ಯದ ರೇಡಿಯೋಗೆ ಎರಡು ಪಕ್ಕ. ಒಳಗಿನ ಪಕ್ಕದಲ್ಲಿ ಸೈನಿಕ ಆಡಿದ ಮಾತು, ಬರೆದ ಸಂದೇಶ ಇದ್ದ ಹಾಗೇ ಇರುತ್ತದೆ. ಹೊರಗಿನ ಪಕ್ಕದಲ್ಲಿ ಅದೇ ಮಾತು ಗುಪ್ತಲಿಪಿಯಾಗಿ, ಕದ್ದು ಕೇಳಿದವನಿಗೆ ಬರೀ ಗದ್ದಲವಾಗಿ ಇರುತ್ತದೆ. ಆಂಟೆನಾ ಇರುವುದು ಹೊರಗಿನ ಪಕ್ಕದಲ್ಲಿ. ಒಳಗಿನದು ಹೊರಗಿನದನ್ನು ನೇರವಾಗಿ ಮುಟ್ಟಕೂಡದು. ಮಧ್ಯೆ ಒಂದೇ ಒಂದು ತಟ್ಟೆ. ಒಳಗಿನವನು ಸಂದೇಶವನ್ನು ತಟ್ಟೆಯಲ್ಲಿಟ್ಟು ಕೈ ತೆಗೆಯುತ್ತಾನೆ, ಗುಪ್ತಲಿಪಿಯ ಭಾಗ ಅದನ್ನು ಕಲಸುತ್ತದೆ, ಆಮೇಲಷ್ಟೇ ಹೊರಗಿನವನು ಎತ್ತಿಕೊಳ್ಳುತ್ತಾನೆ. ಇದು ನಾನು ಕಂಡುಹಿಡಿದದ್ದಲ್ಲ, ಜಗತ್ತಿನಲ್ಲಿ ಇಂಥ ಸೆಟ್ಟು ಮಾಡುವವರೆಲ್ಲ ಪಾಲಿಸುವುದೇ. ನಮ್ಮ ಸೆಟ್ಟಿನಲ್ಲಿ ಅದನ್ನು ಕಟ್ಟಿದವಳು ನಾನು. ಅದಕ್ಕೆ ವರ್ಷಗಟ್ಟಲೆ ತಲೆ ಕೊಟ್ಟಿದ್ದೆ.

ಒಂದು ದಿನ ಮೀಟಿಂಗಿನಲ್ಲಿ ನಾನು ಇದನ್ನು ವಿವರಿಸುತ್ತಿದ್ದಾಗ ಮ್ಯಾನೇಜರು ತೊಡೆ ತಟ್ಟಿಕೊಂಡು ನಕ್ಕರು.

"ಇಷ್ಟುದ್ದ ಯಾಕೆ ಹೇಳ್ತೀರಿ ಮೇಡಂ? ಇದು ನಮ್ಮ ಮಡಿ ಕಣ್ರೀ! ಒಳಗಡೇದು ಮಡಿ, ಆಂಟೆನಾ ಕಡೇದು ಮೈಲಿಗೆ. ಮೇಡಂಗೆ ಇದು ರಕ್ತದಲ್ಲೇ ಬಂದಿದೆ."

ಎದ್ದು ಹೋಗಿ ಬಿಳಿ ಬೋರ್ಡಿನ ಮೇಲೆ ನನ್ನ ಚಿತ್ರದ ಎರಡು ಪಕ್ಕಕ್ಕೂ ಆ ಎರಡು ಪದ ಬರೆದೇಬಿಟ್ಟರು. ಎಲ್ಲರೂ ನಕ್ಕರು. ಆಂಟೆನಾ ಕಡೆಯ ಪ್ರೋಗ್ರಾಂ ಬರೆಯುವವನು ಹೆಮ್ಮರಗಾಲದ ಒಬ್ಬ ಎಂಜಿನಿಯರ್, ರೈತರ ಮನೆಯವನು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಅವನೂ ನಕ್ಕ. "ಅಂಗಾರೆ ನಾನು ಮೈಲಿಗೆಯೋನಾ ಸಾ?" ಅಂದ. ಮತ್ತೆ ಎಲ್ಲರೂ ನಕ್ಕರು.

ಟೀ ಕುಡಿಯುವಾಗ ಅವನು ನನ್ನ ಪಕ್ಕ ಬಂದು ನಿಂತ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ನಮ್ಮಜ್ಜಿ ನಿಮ್ ಬೀದಿಗೇ ಸೊಪ್ಪು ಮಾರಕ್ಕೆ ಬತ್ತಿತ್ತಂತೆ ಮೇಡಂ. ಕಟ್ಟು ಕೆಳಗಿಟ್ಬುಟ್ಟು ಇಂದಕ್ಕೋಗು ಅನ್ನೋರಂತೆ. ಕಾಸೂ ಅಂಗೇ, ನೆಲದ್ ಮ್ಯಾಲೆ. ಸಾಯಗಂಟ ಏಳ್ತಿತ್ತು."

ನನಗೆ ಮೈ ಉರಿಯಿತು. ಅವನ ಮೇಲಲ್ಲ. ಅವನ ಅಜ್ಜಿ ಸೊಪ್ಪು ಇಟ್ಟುಹೋದ ಮನೆಗಳಲ್ಲಿ ನಮ್ಮದೂ ಒಂದು ಇದ್ದಿರಲೇಬೇಕು. ನಾನು ಒಳಗೆ ಹೋಗಿ ಬೋರ್ಡಿನ ಮೇಲಿನ ಆ ಎರಡು ಪದ ಒರೆಸಿದೆ. ಮರುದಿನ ಮ್ಯಾನೇಜರು ಮತ್ತೆ ಬರೆದಿದ್ದರು. ತಮಾಷೆಗೆ ಅಂದರು. ನಾನು ಮತ್ತೆ ಒರೆಸಿದೆ. ಅಲ್ಲಿಂದ ಅದೊಂದು ಆಟವಾಯಿತು ಅವರಿಗೆ. ನನಗೆ ಆಟವಾಗಿರಲಿಲ್ಲ. ತಗಡಿನ ಎರಡು ಪೆಟ್ಟಿಗೆಗಳ ನಡುವೆ ಮುಟ್ಟಬೇಡ ಅಂದರೆ ಪೆಟ್ಟಿಗೆಗೆ ಅವಮಾನವಾಗುವುದಿಲ್ಲ. ಮುಟ್ಟಿದರೆ ಏನಾಗುತ್ತದೆ ಅಂತ ಕೇಳಿದವರಿಗೆ ನಾನು ಲೆಕ್ಕ ಹಾಕಿ ತೋರಿಸಬಲ್ಲೆ. ಸೊಪ್ಪಿನಜ್ಜಿಗೆ ಯಾರು ಏನು ತೋರಿಸಿದ್ದರು? ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ ಅಂದರೆ ಇವರಿಗೆ ಅರ್ಥವಾಗುತ್ತಿರಲಿಲ್ಲ.

ಅಷ್ಟರಲ್ಲಿ ಟ್ರಯಲ್‌ಗೆ ದಿನ ನಿಗದಿಯಾಯಿತು. ತಿ. ನರಸೀಪುರದಲ್ಲಿ, ಕಪಿಲೆ ಕಾವೇರಿ ಸೇರುವ ಕಡೆ, ನದಿಯ ಎರಡು ದಡದಲ್ಲಿ ಎರಡು ಸೆಟ್ಟು ಇಟ್ಟುಕೊಂಡು ಮಾತಾಡಿ ತೋರಿಸಬೇಕು. ನೋಡಲು ಬರುವವರು ಸೈನ್ಯದ ಸಂಪರ್ಕ ವಿಭಾಗದಲ್ಲಿದ್ದು ನಿವೃತ್ತರಾದ ಒಬ್ಬ ಅಧಿಕಾರಿ. ಅವರು ಸರಿ ಅಂದರೆ ಸೆಟ್ಟು ಮುಂದಿನ ಹಂತಕ್ಕೆ, ಅಂದರೆ ನಿಜವಾದ ಸೈನಿಕರ ಬೆನ್ನಿಗೆ, ಹೋಗುತ್ತದೆ.

"ಬಂದೋರಿಗೆ ಲ್ಯಾಪ್‌ಟಾಪ್ ಮೇಲೆ ಎಲ್ಲಾ ಕಾಣಬೇಕು," ಅಂದರು ಮ್ಯಾನೇಜರು. "ಆಚೆ ದಡದ ಸೆಟ್ಟಲ್ಲಿ ಬ್ಯಾಟರಿ ಎಷ್ಟಿದೆ, ಸಿಗ್ನಲ್ ಎಷ್ಟಿದೆ, ಕೊನೇ ಮೆಸೇಜ್ ಏನು, ಎಲ್ಲಾ ಪಟಪಟ ಅಂತ ಬರಬೇಕು."

ಬ್ಯಾಟರಿಯ ವರದಿ ಮೊದಲಿನಿಂದಲೂ ಇತ್ತು. ಸೆಟ್ಟು ಆಗಾಗ ತನ್ನ ಯೋಗಕ್ಷೇಮವನ್ನು ತಾನೇ ಗಾಳಿಗೆ ಬಿಡುತ್ತಿತ್ತು. ಮಾದರಿ ಸೆಟ್ಟಿನ ಬ್ಯಾಟರಿಯಲ್ಲಿ ಏನು ಗುಟ್ಟು ಅಂತ ಆ ವರದಿಗೆ ನಾವು ಗುಪ್ತಲಿಪಿ ಹಾಕಿರಲಿಲ್ಲ. ಅದು ಪೂರ್ತಿಯಾಗಿ ಹೊರಗಿನ ಪಕ್ಕದಲ್ಲೇ ಹುಟ್ಟಿ ಅಲ್ಲಿಂದಲೇ ಹೋಗುತ್ತಿದ್ದರಿಂದ ಗೋಡೆಗೂ ಅದಕ್ಕೂ ಸಂಬಂಧವಿರಲಿಲ್ಲ.

ಟ್ರಯಲ್‌ಗೆ ಹೋಗುವ ಮುಂಚೆ ನಾನು ಪ್ರೋಗ್ರಾಂ ಓದುತ್ತಾ ಕೂತಿದ್ದೆ. ಕೂಗು ಹಾಕುವ ಪಟ್ಟಿಯಲ್ಲಿ ಹೊಸದಾಗಿ ಒಂದೇ ಒಂದು ಸಾಲು ಸೇರಿತ್ತು. ಒಳಗಿನ ಪಕ್ಕಕ್ಕೆ ಯಾವುದೇ ಸಂದೇಶ ಬಂದರೂ, ಅಲ್ಲಿಂದ ಹೊರಟರೂ, ಬ್ಯಾಟರಿಯ ಆ ವರದಿಗೆ ನೇರವಾಗಿ ಕೂಗು ಹಾಕಬೇಕು ಅಂತ. ತಟ್ಟೆಯಿಲ್ಲ, ಗುಪ್ತಲಿಪಿಯಿಲ್ಲ. ಹಾಲಿನವನು ಬಂದ ಅಂತ ಪಕ್ಕದ ಮನೆಗೆ ಹೇಳುವ ಬದಲು, ದೇವರ ಮನೆಯ ಕಿಟಕಿ ಒಡೆದು ಬೀದಿಗೆಲ್ಲ ಡಂಗುರ ಹೊಡೆದ ಹಾಗಾಗಿತ್ತು. ಸೈನಿಕ ಬರೆದದ್ದು ಬ್ಯಾಟರಿಯ ಲೆಕ್ಕದ ಬಾಲ ಹಿಡಿದು ಇದ್ದ ಹಾಗೇ ಗಾಳಿಗೆ ಹೋಗುತ್ತಿತ್ತು.

ಸಾಲು ಬರೆದವನು ಹೆಮ್ಮರಗಾಲದವನೇ. ಕರೆದು ತೋರಿಸಿದೆ.

"ಗೊತ್ತು ಮೇಡಂ," ಅಂದ, ಬೇರೆ ಕಡೆ ನೋಡುತ್ತಾ. "ಸಾ ಏಳುದ್ರು, ಮಾಡ್ದೆ. ಬೇರೆ ದಾರಿಗೆ ಟೈಮಿಲ್ಲ ಅಂದ್ರು. ಟ್ರಯಲ್ ಮುಗುದ್ ಮ್ಯಾಲೆ ಕಿತ್ತಾಕ್ತೀನಿ ಬುಡಿ."

ಅವನ ತಮ್ಮ ಸೈನ್ಯದಲ್ಲಿದ್ದಾನೆ. ಅದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು. ತಮ್ಮ ರಜೆಗೆ ಬಂದಾಗ ತಂದ ಒಣದ್ರಾಕ್ಷಿಯನ್ನು ನಮಗೆಲ್ಲ ಹಂಚಿದ್ದ. ನನ್ನ ಬಾಯಿಗೆ ಬೀಗವಿಲ್ಲ.

"ನಾಳೆ ನಿಮ್ಮ ತಮ್ಮನೇ ಇದನ್ನ ಬೆನ್ನ ಮೇಲೆ ಹೊತ್ಕೊಂಡು ಹೋದ್ರೂ ಹೀಗೇ ಬಿಡಿ ಅಂತೀರಾ?"

ಅವನ ಮುಖ ಬಿಗಿಯಾಯಿತು. "ತಮ್ಮನ್ ಇಸ್ಯ ಯಾಕ್ ಮೇಡಂ ಎತ್ತೀರಿ?" ಅಂದವನು ಎದ್ದು ಹೋದ.

ನಾನು ಮ್ಯಾನೇಜರ ಕೋಣೆಗೆ ಹೋದೆ. ಸೆಟ್ಟು ಶೆಡ್ಡಿನಿಂದ ಹೊರಗೆ ಹೋಗಬೇಕಾದರೆ ವಿನ್ಯಾಸ ಮಾಡಿದವರು ಸಹಿ ಹಾಕಬೇಕು, ಅದು ಅವರೇ ಮಾಡಿದ ನಿಯಮ.

"ಆ ಸಾಲು ತೆಗೆಸಿ ಸರ್, ಈಗಲೇ ಸೈನ್ ಮಾಡ್ತೀನಿ."

"ಟ್ರಯಲ್‌ಗೆ ಮಾತ್ರ ಕಣ್ರೀ ಅದು. ತಾತ್ಕಾಲಿಕ."

ತಾತ್ಕಾಲಿಕ ಅನ್ನುವ ಪದ ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ನಮ್ಮ ಬೀದಿಯ ಕೊನೆಯಲ್ಲಿ ತಾತ್ಕಾಲಿಕ ಅಂತ ಹಾಕಿದ ತಗಡಿನ ಚಪ್ಪರದ ಕೆಳಗೆ ಈಗ ಮೊಮ್ಮಕ್ಕಳು ವ್ಯಾಪಾರ ಮಾಡುತ್ತಿದ್ದಾರೆ. ಈ ದೇಶದಲ್ಲಿ ತಾತ್ಕಾಲಿಕವಾದದ್ದಕ್ಕಿಂತ ಗಟ್ಟಿಯಾದದ್ದು ಯಾವುದೂ ಇಲ್ಲ.

"ಒಂದು ವಾರ ಕೊಡಿ. ಅದೇ ಮೆಸೇಜನ್ನ ತಟ್ಟೆ ಮೂಲಕ, ಗುಪ್ತಲಿಪಿ ಹಾಕಿ ತಂದು ನಿಮ್ಮ ಲ್ಯಾಪ್‌ಟಾಪ್ ಮೇಲೆ ಕುಣಿಸ್ತೀನಿ."

"ವಾರ ಇಲ್ಲ. ಮೇಲಿನೋರು ಕೇಳಿದಾರೆ."

"ಮೇಲಿನೋರು ಕೇಳಿದ್ದು ಲ್ಯಾಪ್‌ಟಾಪ್ ಮೇಲೆ ಕಾಣ್ಲಿ ಅಂತ. ಇಡೀ ನರಸೀಪುರಕ್ಕೆ ಕೇಳಿಸ್ಲಿ ಅಂತ ಅಲ್ಲ. ಕಾರಣ ಹೇಳಿ ಸರ್, ಯಾಕೆ ಹೀಗೇ ಹೋಗಬೇಕು?"

ಅವರು ಕುರ್ಚಿಗೆ ಒರಗಿ ನಕ್ಕರು. "ಮನೇಲಿ ಎಲ್ಲರನ್ನೂ ಮುಟ್ಕೊಂಡು ಓಡಾಡೋರು ನೀವು. ಇಲ್ಲಿ ಬಂದು ಮಡಿ ಮಾಡ್ತೀರಲ್ರೀ."

"ಅಲ್ಲಿ ಮುಟ್ಟಿದ್ರೆ ಯಾರೂ ಸಾಯಲ್ಲ ಸರ್. ಇಲ್ಲಿ ಸಾಯ್ತಾರೆ."

ನಗು ನಿಂತಿತು. ಅವರು ಪೆನ್ನು ತೆಗೆದು ನನ್ನ ಹೆಸರಿದ್ದ ಜಾಗದಲ್ಲಿ ತಾವೇ ಸಹಿ ಹಾಕಿದರು.

"ಆಯ್ತು. ನಾನೂ ನರಸೀಪುರಕ್ಕೆ ಬರ್ತೀನಿ," ಅಂದೆ. "ಮೆಟ್ಟಿಲ ಮೇಲೆ ಒಂದು ಸಾದಾ ರಿಸೀವರ್ ಇಟ್ಕೊಂಡು ಕೂತ್ಕೋತೀನಿ. ಅದರಲ್ಲಿ ಏನು ಬರತ್ತೋ ಅದನ್ನ ಬಂದೋರಿಗೆ ತೋರಿಸ್ತೀನಿ. ಆಮೇಲೆ ಹೇಳ್ಲಿಲ್ಲ ಅನ್ನಬೇಡಿ."

"ಕೂತ್ಕೊಳ್ಳಿ. ನೀರಲ್ಲಿ ಕಾಲು ಬಿಟ್ಕೊಂಡು ಆರಾಮಾಗಿ ಕೂತ್ಕೊಳ್ಳಿ," ಅಂದರು.

ಅವರು ನನ್ನ ಮಾತನ್ನು ನಂಬಲಿಲ್ಲ. ಸಂದೇಶ ಹೊರಗೆ ಸೋರುತ್ತದೆ ಅನ್ನುವುದನ್ನೂ ನಂಬಲಿಲ್ಲ, ನಾನು ತೋರಿಸುತ್ತೇನೆ ಅನ್ನುವುದನ್ನೂ ನಂಬಲಿಲ್ಲ. ಹೆಂಗಸರ ಹಟ ಎರಡು ದಿನಕ್ಕೆ ಇಳಿಯುತ್ತದೆ ಅಂದುಕೊಂಡಿದ್ದರೋ ಏನೋ.

ಟ್ರಯಲಿನ ದಿನ ಬೆಳಗ್ಗೆ ಕಂಪನಿಯ ವ್ಯಾನಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಗದ್ದೆ, ನಾಟಿಯ ಕೆಲಸ ನಡೆದಿತ್ತು. ವ್ಯಾನಿನಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಹೆಮ್ಮರಗಾಲದವನು ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ನನ್ನ ತೊಡೆಯ ಮೇಲೆ ನನ್ನ ರಿಸೀವರ್, ಅದಕ್ಕೆ ಹಚ್ಚಿದ ನನ್ನ ಹಳೆಯ ಲ್ಯಾಪ್‌ಟಾಪ್. ಗುಪ್ತಲಿಪಿ ಬಿಡಿಸುವ ಯಾವ ಕೀಲಿಯೂ ಇಲ್ಲದ, ಯಾರು ಬೇಕಾದರೂ ತರಿಸಿಕೊಳ್ಳಬಹುದಾದ ವಸ್ತು ಅದು.

ಮ್ಯಾನೇಜರು ಒಂದು ಸೆಟ್ಟು ಹಿಡಿದುಕೊಂಡು ಸೇತುವೆ ದಾಟಿ ಆಚೆ ದಡಕ್ಕೆ ಹೋದರು. ಈಚೆ ದಡದಲ್ಲಿ ಒಂದು ಶಾಮಿಯಾನ; ಅದರ ಕೆಳಗೆ ಹೆಮ್ಮರಗಾಲದವನು, ಇನ್ನೊಂದು ಸೆಟ್ಟು, ತೋರಿಸುವ ಲ್ಯಾಪ್‌ಟಾಪ್ ಮತ್ತು ಬಂದ ಅಧಿಕಾರಿ. ಉತ್ತರದ ಕಡೆಯವರು, ನಿವೃತ್ತರಾಗಿ ಮೈಸೂರಿನಲ್ಲೇ ನೆಲೆಸಿದವರು. ಬಿಳಿ ಮೀಸೆ, ನೆಟ್ಟಗಿನ ಬೆನ್ನು. ನಾನು ಕೆಳಗೆ ಸ್ನಾನದ ಮೆಟ್ಟಿಲ ಮೇಲೆ, ಬಟ್ಟೆ ಒಗೆಯುತ್ತಿದ್ದ ಹೆಂಗಸರಿಂದ ತುಸು ದೂರದಲ್ಲಿ ಕೂತೆ.

ಮಾತಿನ ಪರೀಕ್ಷೆ ಚೆನ್ನಾಗಿಯೇ ಆಯಿತು. ಮಾತು ತಟ್ಟೆಯ ಮೂಲಕವೇ ಹೋಗುತ್ತಿತ್ತು, ನನ್ನ ರಿಸೀವರಿನಲ್ಲಿ ಬರೀ ಗದ್ದಲ. ಅಲ್ಲಿಯವರೆಗೆ ನನಗೂ ಹೆಮ್ಮೆಯೇ. ನಾನು ಕಟ್ಟಿದ ಗೋಡೆ ನನ್ನನ್ನೂ ಒಳಗೆ ಬಿಡುತ್ತಿರಲಿಲ್ಲ.

ಬಿಸಿಲೇರಿತು. ಅಧಿಕಾರಿ ಶಾಮಿಯಾನದಿಂದ ಎದ್ದು, ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಮೆಟ್ಟಿಲಿಳಿದು ಬಂದರು. ನೀರಿಗೆ ಕಾಲು ಬಿಟ್ಟು, ನನ್ನನ್ನೂ ನನ್ನ ಸಾಮಾನನ್ನೂ ನೋಡಿ, ಮುರುಕು ಕನ್ನಡದಲ್ಲಿ ಕೇಳಿದರು: "ನೀವು ಇಲ್ಲಿ ಏನ್ ಮಾಡ್ತೀರಿ?"

"ನಾನು ಈ ಸೆಟ್ಟಿನ ಶತ್ರು ಸರ್. ಕದ್ದು ಕೇಳ್ತಾ ಇದೀನಿ."

ಅವರು ಹುಬ್ಬೇರಿಸಿದರು, ನಕ್ಕರು, ಪಕ್ಕದ ಮೆಟ್ಟಿಲ ಮೇಲೆ ಕೂತರು. ಆಚೆ ದಡದಿಂದ ಮ್ಯಾನೇಜರಿಗೆ ಕಂಡದ್ದು ಇಷ್ಟೇ, ಅಧಿಕಾರಿ ಲ್ಯಾಪ್‌ಟಾಪಿನ ಮುಂದಿನಿಂದ ಎದ್ದು ಹೋದರು ಅಂತ. ಈಗ ನೋಡುವವರಿಲ್ಲ ಅಂದುಕೊಂಡು ಸೆಟ್ಟಿನಿಂದಲೇ ಹೆಮ್ಮರಗಾಲದವನಿಗೆ ಒಂದು ಸಂದೇಶ ಬರೆದರು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಫೋನಿನಲ್ಲಿ ಎಲ್ಲರೂ ಬರೆಯುವ ಹಾಗೆ. ಅದು ನನ್ನ ತೊಡೆಯ ಮೇಲೆ, ಬ್ಯಾಟರಿಯ ಲೆಕ್ಕದ ಪಕ್ಕದಲ್ಲಿ, ಅಕ್ಷರ ಅಕ್ಷರವೂ ಬಂದು ಕೂತಿತು: "ಮುದುಕ ಎದ್ದು ಹೋದ. ಜಾಸ್ತಿ ಪ್ರಶ್ನೆ ಕೇಳೋಕೆ ಮುಂಚೆ ಊಟಕ್ಕೆ ಕರ್ಕೊಂಡು ಹೋಗಿ."

ತೋರಿಸುತ್ತೇನೆ ಅಂತ ಹೇಳಿದ್ದೆ ನಿಜ. ಆದರೆ ಇಂಥದ್ದು ಬರುತ್ತದೆ ಅಂತ ಎಣಿಸಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದರೆ ಮುಗಿಯಿತು. ನನ್ನ ಕೆಲಸ ಉಳಿಯುತ್ತದೆ, ಅವರ ಮಾನ ಉಳಿಯುತ್ತದೆ, ಆ ಸಾಲೂ ಉಳಿಯುತ್ತದೆ. ನಾನು ತೆರೆಯನ್ನು ಅವರ ಕಡೆ ತಿರುಗಿಸಿದೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. "ಮುದುಕ ಅಂದ್ರೆ ನಾನು?"

"ಏನು ಬರೆದಿದೆ ಅನ್ನೋದು ಮುಖ್ಯ ಅಲ್ಲ ಸರ್. ನಾನು ಓದಿದೆ ಅನ್ನೋದು ಮುಖ್ಯ."

"ಕೀ ಇಲ್ಲದೆ?"

"ಯಾವ ಕೀಯೂ ಇಲ್ಲ."

ಅವರು ಮತ್ತೆ ನಗಲಿಲ್ಲ. ನೀರಿನಿಂದ ಕಾಲು ತೆಗೆದು, ಒದ್ದೆ ಕಾಲಿಗೇ ಶೂ ಹಾಕಿಕೊಂಡು ಎದ್ದರು. "ಮುದುಕ ಊಟ ಮಾಡ್ತಾನೆ," ಅಂದರು. "ಸೆಟ್ಟು ವಾಪಸ್ ಹೋಗುತ್ತೆ. ಈ ತೂತು ಮುಚ್ಚಿ, ಮತ್ತೆ ತನ್ನಿ." ಮೆಟ್ಟಿಲ ಮೇಲುಗಡೆ ಹೆಮ್ಮರಗಾಲದವನು ನಿಂತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು.

ಸೋಮವಾರ ಮ್ಯಾನೇಜರು ಕರೆದರು. ಕೂರಿಸಲಿಲ್ಲ.

"ಕಂಪನಿ ಮಾನ ಹೊಳೇಲಿ ತೊಳೆದು ಬಂದ್ರಿ. ಕ್ಷಮಾಪಣೆ ಬರ್ಕೊಡಿ."

"ಏನಂತ ಬರೀಲಿ ಸರ್? ನಾನು ಹೇಳಿ ಹೋಗಿದ್ದೆ, ಹೇಳಿದ್ದನ್ನೇ ಮಾಡಿದೆ. ಅಲ್ಲಿ ಬಂದದ್ದು ನಿಮ್ಮ ಮಾತು, ನನ್ನದಲ್ಲ."

"ಬರೀದೇ ಇದ್ರೆ ಡಿಸೈನ್‌ನಲ್ಲಿ ಇರೋ ಹಾಗಿಲ್ಲ. ತೂತು ಹುಡುಕೋದು ಅಂದ್ರೆ ಅಷ್ಟು ಇಷ್ಟ ತಾನೆ? ಹಿಂದಿನ ಕೋಣೇಲಿ ಟೆಸ್ಟಿಂಗ್ ಮಾಡ್ಕೊಂಡು ಬಿದ್ದಿರಿ."

ನಾನು ಬರೆದುಕೊಡಲಿಲ್ಲ. ಹಿಂದಿನ ಕೋಣೆಗೆ ಹೋದೆ. ನೋವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ತಲೆ ಸವೆಸಿ ಕಟ್ಟಿದ ಗೋಡೆಯನ್ನು ಇನ್ನು ಮುಂದೆ ನಾನು ಮುಟ್ಟುವ ಹಾಗಿರಲಿಲ್ಲ. ಬೇರೆ ಯಾರೋ ಅದಕ್ಕೆ ಕಿಟಕಿ ಇಡುತ್ತಾರೆ, ಬಾಗಿಲು ಇಡುತ್ತಾರೆ. ಮೊದಲ ದಿನ ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ತಂದೆ. ಆದರೆ ಮಾರನೆಯ ದಿನ ಕುರ್ಚಿಯಲ್ಲಿ ಕೂತಾಗ ಒಂದು ವಿಷಯ ಹೊಳೆಯಿತು. ಶತ್ರುವಿನ ಕುರ್ಚಿಯಲ್ಲಿ ಕೂರು ಅಂತ ಇವರೇ ನನ್ನನ್ನು ಕೂರಿಸಿದ್ದಾರೆ. ಇನ್ನು ಈ ಶೆಡ್ಡಿನಿಂದ ಹೊರಡುವ ಪ್ರತಿ ಸೆಟ್ಟೂ ನನ್ನ ರಿಸೀವರಿನ ಮುಂದೆ ಹಾದು ಹೋಗಬೇಕು. ನೋಡೇಬಿಡೋಣ ಅಂತ ಸೀರೆ ಸೆರಗು ಸಿಕ್ಕಿಸಿದೆ.

ಮಧ್ಯಾಹ್ನ ಹೆಮ್ಮರಗಾಲದವನು ಬಂದು ಬಾಗಿಲಲ್ಲಿ ನಿಂತ. ತೊಡೆಯ ಮೇಲಿಟ್ಟುಕೊಂಡು ಹೋಗಿದ್ದ ಅದೇ ಸೆಟ್ಟು ಅವನ ಕೈಯಲ್ಲಿತ್ತು.

"ಕಿತ್ತಾಕ್ದೆ ಮೇಡಂ. ಯಾರೂ 'ಕೀಳು' ಅಂತ ಏಳ್ಲಿಲ್ಲ, ನಾನೇ ಕಿತ್ತೆ. ಮೆಸೇಜು ಈಗ ತಟ್ಟೆ ಮ್ಯಾಲೇ ಬತ್ತದೆ. ಕೇಳ್ನೋಡಿ."

ನಾನು ರಿಸೀವರ್ ಹಚ್ಚಿದೆ. ಅವನು ಪಕ್ಕದ ಕೋಣೆಯಿಂದ ಏನೇನೋ ಬರೆದು ಕಳಿಸಿದ. ನನಗೆ ಬಂದದ್ದು ಬರೀ ಬ್ಯಾಟರಿಯ ಲೆಕ್ಕ ಮತ್ತು ಗದ್ದಲ. ಅವನು ವಾಪಸ್ ಬಂದಾಗ ಕುರ್ಚಿ ತೋರಿಸಿದೆ, ಕೂತ.

"ಭಾನ್ವಾರ ತಮ್ಮ ಫೋನ್ ಮಾಡಿದ್ದ," ಅಂದ. "ಎಲ್ಲವ್ನೆ ಅಂತ ಏಳಲ್ಲ ಮೇಡಂ ಅವ್ನು. ಏಳ್ಬಾರ್ದು ಅಂತ ಕಲಿಸವ್ರೆ. ನಮ್ಮವ್ವ ಎಷ್ಟ್ ಬಡ್ಕೊಂಡ್ರೂ ಏಳಲ್ಲ, ಚಳಿ ಅದೆ ಅಂತಾನೆ, ಅಷ್ಟೇಯ." ಸೆಟ್ಟಿನ ಗುಂಡಿ ತಿರುಗಿಸಿ ಆರಿಸಿದ. "ಎತ್ತವ್ವಂಗೂ ಅವ್ನು ಏಳ್ದೇ ಇರೋದ್ನ ನಾನು ಊರ್ಗೆಲ್ಲ ಸಾರಕ್ಕೋಗಿದ್ದೆ ಕಣ್ ಮೇಡಂ."

ತಮ್ಮನ ಮಾತು ಎತ್ತಿದ್ದಕ್ಕೆ ಬೇಜಾರು ಮಾಡಿಕೋಬೇಡಿ ಅಂತ ನಾನು ಹೇಳಲಿಲ್ಲ. ಎತ್ತಿದ್ದು ಸರಿಯೇ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಅವನು ಎದ್ದು ಹೋಗುವಾಗ, ನನ್ನ ಬಾಗಿಲಿನಿಂದ ಕಾಣುವ ಮೀಟಿಂಗಿನ ಬೋರ್ಡಿನ ಮುಂದೆ ನಿಂತ. ಮ್ಯಾನೇಜರು ಮತ್ತೆ ಬರೆದಿದ್ದ ಆ ಎರಡು ಪದ ಅಲ್ಲಿ ಹಾಗೇ ಇದ್ದವು. ಈ ಸಲ ಒರೆಸಿದವನು ಅವನು. ಡಸ್ಟರ್ ಹುಡುಕಲೂ ಇಲ್ಲ, ಅಂಗೈಯಲ್ಲೇ ಒರೆಸಿ, ಮಸಿ ಪ್ಯಾಂಟಿಗೆ ಉಜ್ಜಿಕೊಂಡು ಹೋದ. ಆಮೇಲೆ ಅದನ್ನು ಮತ್ತೆ ಬರೆಯುವ ಉಸಾಬರಿಗೆ ಮ್ಯಾನೇಜರು ಹೋಗಲಿಲ್ಲ.

ಅವತ್ತು ಅರ್ಧ ದಿನಕ್ಕೇ ರಜೆ ಹಾಕಿ ಮನೆಗೆ ಬಂದೆ. ಅತ್ತೆಗೆ ಅವತ್ತು ಪೂಜೆ, ಅಡುಗೆ ಎಲ್ಲ ತಡವಾಗಿ, ಇನ್ನೂ ಊಟ ಮಾಡಿರಲಿಲ್ಲ. ಮಡಿಯಲ್ಲೇ ಇದ್ದಳು. ನನ್ನ ಮುಖ ನೋಡಿ ಏನೂ ಕೇಳದೆ ಒಳಗೆ ಹೋಗಿ ಕಾಫಿ ಬೆರೆಸಿ ತಂದಳು. ನಡುಮನೆಯ ಹೊಸ್ತಿಲ ಹತ್ತಿರ ಲೋಟವನ್ನು ನೆಲಕ್ಕಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು. ನಾನು ಹುಟ್ಟಿದಾಗಿನಿಂದ ನೋಡಿದ ಅದೇ ಕೈ, ಅದೇ ರೀತಿ.

ನಾನು ಬಗ್ಗಲಿಲ್ಲ. ನೆಲದ ಮೇಲೆ ಕೂತು ಅವಳಿಗೆ ಎಲ್ಲವನ್ನೂ ಹೇಳಿದೆ. ತಟ್ಟೆ, ಗೋಡೆ, ಆ ಒಂದು ಸಾಲು, ನದಿಯ ಮೆಟ್ಟಿಲು, ಹಿಂದಿನ ಕೋಣೆ. ಸೊಪ್ಪಿನಜ್ಜಿಯ ವಿಷಯವನ್ನೂ ಹೇಳಿದೆ. ಅತ್ತೆ ಕಂಬಕ್ಕೆ ಒರಗಿ ನಿಂತು ಕೇಳಿದಳು. ಮುಟ್ಟಬೇಡ ಅನ್ನುವುದಕ್ಕೋಸ್ಕರ ನಾನು ಕೆಲಸ ಕಳೆದುಕೊಳ್ಳುವ ಹಾಗಾದೆ ಅಂದಾಗ ಅವಳ ಮುಖದಲ್ಲಿ ಗೆದ್ದ ನಗು ಬಂತು.

"ನೋಡಿದ್ಯಾ? ಕೊನೆಗೆ ನೀನೂ ಅಲ್ಲಿಗೇ ಬಂದೆ."

"ಬಂದಿಲ್ಲ ಅತ್ತೆ. ನನ್ನ ನಿಯಮಕ್ಕೆ ಕಾರಣ ಇದೆ, ಯಾರು ಕೇಳಿದ್ರೂ ಹೇಳ್ತೀನಿ. ನೀನೂ ಒಂದು ಕಾರಣ ಹೇಳು. ಈ ಲೋಟ ಯಾಕೆ ನೆಲದ ಮೇಲಿದೆ? ಒಂದೇ ಒಂದು ಕಾರಣ ಹೇಳು, ಸಾಯೋವರೆಗೂ ಇಟ್ಟಿದ್ದನ್ನೇ ಎತ್ಕೋತೀನಿ. ಮತ್ತೆ ಕೇಳಲ್ಲ."

ಸುಮ್ಮನೆ ತಗೋ ಅನ್ನುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ. ಲೋಟದ ಕಡೆ ನೋಡಿದಳು. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು.

"ಯಾರಾದ್ರೂ ಒಂದು ಕಾರಣ ಅಂತ ಹೇಳಿದ್ದಿದ್ರೆ," ಅಂದಳು ಕೊನೆಗೆ, "ನಿನ್ನ ಹಾಗೆ ನಾನೂ ಅವತ್ತೇ ಜಗಳ ಆಡ್ತಿದ್ದೆ ಕಣೇ. ನಂಗ್ಯಾರೂ ಹೇಳ್ಲಿಲ್ಲ. ತಲೆ ಬೋಳಿಸ್ದಾಗ್ಲೂ ಹೇಳ್ಲಿಲ್ಲ."

ಇಷ್ಟು ವರ್ಷ ನಾನು ಜಗಳವಾಡಿದ್ದು ಈ ಮನೆಯ ನಿಯಮವನ್ನು ಮಾಡಿದವಳ ಜೊತೆ ಅಂದುಕೊಂಡಿದ್ದೆ. ಇವಳೂ ನನ್ನ ಹಾಗೇ ಬಾಗಿಲ ಹೊರಗೆ ನಿಂತವಳು. ಆದರೂ ನಾನು ಲೋಟ ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳಬಾರದು ಅನ್ನಿಸಿತು. ಕೈ ಮುಂದೆ ಚಾಚಿ ಹಾಗೇ ಕೂತೆ.

ಅತ್ತೆ ನನ್ನ ಕೈ ನೋಡಿದಳು, ಅಡುಗೆಮನೆಯ ಕಡೆ ನೋಡಿದಳು. ಆಮೇಲೆ ಸೊಂಟ ಹಿಡಿದುಕೊಂಡು ಬಗ್ಗಿ, ಲೋಟ ಎತ್ತಿ, ನನ್ನ ಅಂಗೈಯಲ್ಲಿಟ್ಟು, ಅದು ಚೆಲ್ಲದಿರಲೆಂದು ನನ್ನ ಬೆರಳುಗಳನ್ನು ತನ್ನ ಕೈಯಿಂದಲೇ ಅದರ ಸುತ್ತ ಮಡಿಸಿದಳು.

"ಕುಡಿ, ಆರಿ ಹೋಗಿದೆ," ಅಂದಳು. "ಪಾಪಿ, ಈಗ ನಾನು ಮತ್ತೆ ಸ್ನಾನ ಮಾಡ್ಬೇಕು."

ಸ್ನಾನಕ್ಕೆ ಅಂತ ಹೊರಟವಳು ಹಿತ್ತಲ ಬಾಗಿಲವರೆಗೂ ಹೋದಳು. ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ವಾಪಸ್ ಬಂದು, ನನ್ನ ಪಕ್ಕದಲ್ಲಿ ಕೂತು, ಎಲೆ ಹಾಕು, ಹಸಿವಾಗ್ತಿದೆ ಅಂದಳು.